ಮಳೆ ಹಿಡಿದ ಮೇಲೆ ಏಳುವ ವಾಸನೆ

"ಬೇಸಿಗೆಯಲ್ಲಿ ಇಲ್ಲದ ವಾಸನೆ ಈಗ ಎಲ್ಲಿಂದ ಬಂತು ಚಿಕ್ಕಮ್ಮ? ದಿನಾ ಎರಡು ಹೊತ್ತು ನೆಲ ಒರೆಸ್ತೀನಿ. ಆದ್ರೂ ಬಾಗಿಲು ತೆಗೆದ ಕೂಡಲೇ ಮೂಗಿಗೆ ಹೊಡೆಯುತ್ತೆ."

"ಬೇಸಿಗೆಯಲ್ಲೂ ಇತ್ತು ಕಣೇ. ಒಣಗಿತ್ತು, ಅಷ್ಟೆ."

ಕೇಳಿದವಳು ಬೆಂಗಳೂರಿನ ಬಸವನಗುಡಿಯಲ್ಲಿ ಮೊಸಾಯಿಕ್ ನೆಲದ ಹಳೆಯ ಬಾಡಿಗೆ ಮನೆಯಲ್ಲಿರುವವಳು. ಮನೆಯಲ್ಲಿ ಅವಳು, ಗಂಡ, ಒಂದು ಗಂಡು ಬೆಕ್ಕು. ಉತ್ತರ ಕೊಟ್ಟವರು ಶಿವಮೊಗ್ಗದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಅವಳ ಚಿಕ್ಕಮ್ಮ. ಒಂದಲ್ಲ ಒಂದು ನಾಯಿಯೋ ಬೆಕ್ಕೋ ಇಲ್ಲದೆ ಅವರ ಮನೆ ಇದ್ದದ್ದೇ ಇಲ್ಲ. ಬೆಕ್ಕು ಬೇಸಿಗೆಯಿಂದಲೇ ಮರಳಿನ ಟ್ರೇ ಬಿಟ್ಟು ನಡುಮನೆಯ ಮೂಲೆ, ಸೋಫಾದ ಹಿಂಬದಿ, ಬಾಗಿಲ ಬಳಿಯ ಗೋಣಿತಟ್ಟು ಎಂದು ಜಾಗ ಹುಡುಕಿಕೊಳ್ಳುತ್ತಿದೆ. ಬಾಡಿಗೆ ಕೇಳಲು ಬಂದ ಮಾಲೀಕರು ಹೊಸ್ತಿಲಲ್ಲೇ ನಿಂತು ಮಾತು ಮುಗಿಸಿ ಹೋಗಿದ್ದಾರೆ. "ಯಾರಿಗಾದ್ರೂ ಕೊಟ್ಟುಬಿಡೋಣ" ಎಂಬ ಮಾತು ಗಂಡನ ಬಾಯಲ್ಲಿ ಬಂದಾಗಿದೆ. ಸಾಕಿದ ಪ್ರಾಣಿ ಮನೆ ಕಳೆದುಕೊಳ್ಳುವ ಕಾರಣಗಳಲ್ಲಿ ಈ ವಾಸನೆಯೂ ಒಂದು. ಆದ್ದರಿಂದ ಇದನ್ನು ಬರೀ ಮನೆಗೆಲಸದ ವಿಷಯವೆಂದು ಬದಿಗಿಡುವಂತಿಲ್ಲ.

"ಉಚ್ಚೆಯಲ್ಲಿ ಹೆಚ್ಚುಪಾಲು ನೀರು. ಉಳಿದದ್ದರಲ್ಲಿ ಯೂರಿಯಾ ಮುಖ್ಯ," ಎಂದು ಚಿಕ್ಕಮ್ಮ ಶುರು ಮಾಡಿದರು. "ನೆಲದ ಮೇಲಿರೋ ಬ್ಯಾಕ್ಟೀರಿಯಾಗಳ ಹತ್ತಿರ ಯೂರಿಯೇಸ್ ಅಂತ ಒಂದು ಕಿಣ್ವ ಇರುತ್ತೆ. ಅದು ಯೂರಿಯಾವನ್ನ ಒಡೆದು ಅಮೋನಿಯಾ ಮಾಡುತ್ತೆ. ಕಣ್ಣು ಉರಿಸೋದು ಆ ಅಮೋನಿಯಾನೇ. ನೀರು ಆರಿದ ಮೇಲೂ ಲವಣಗಳು ಸಂದಿಯಲ್ಲಿ ಉಳಿದಿರುತ್ತವೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯೋ ಹಾಗೆ ಅವೂ ಗಾಳಿಯ ತೇವ ಎಳ್ಕೊಳ್ತವೆ. ತೇವ ಸಿಕ್ಕರೆ ಬ್ಯಾಕ್ಟೀರಿಯಾ ಮತ್ತೆ ಕೆಲಸಕ್ಕೆ ಇಳಿಯುತ್ತವೆ, ಒಳಗೆ ಕೂತಿದ್ದ ವಾಸನೆ ಎದ್ದು ಬರುತ್ತೆ. ನೀನು ಎರಡು ಹೊತ್ತು ಒದ್ದೆ ಬಟ್ಟೆ ಎಳೀತೀಯಲ್ಲ, ಅದೂ ತೇವ ಕೊಟ್ಟ ಹಾಗೇ."

"ನಾಯಿ ಇರೋ ಮನೆಗೂ ಹೋಗಿದ್ದೀನಿ. ಇಷ್ಟು ಗಾಟು ಇರಲ್ಲ."

"ಬೆಕ್ಕಿನದ್ದು ಗಟ್ಟಿ. ಅದರ ಪೂರ್ವಜರು ಒಣನಾಡಿನ ಕಾಡುಬೆಕ್ಕುಗಳು. ಇದ್ದ ನೀರನ್ನ ಒಳಗೇ ಉಳಿಸ್ಕೊಳ್ಳೋ ಮೂತ್ರಪಿಂಡ ಅವುಗಳದ್ದು. ಆರೋಗ್ಯವಾಗಿರೋ ಬೆಕ್ಕಿನ ಮೂತ್ರದ ಸಾಪೇಕ್ಷ ಸಾಂದ್ರತೆ ಸಾಮಾನ್ಯವಾಗಿ 1.035ಕ್ಕಿಂತ ಮೇಲೇ ಇರುತ್ತೆ. ಅದರ ಜೊತೆಗೆ ಫೆಲಿನೈನ್ ಅಂತ ಒಂದು ಅಮೈನೋ ಆಮ್ಲ ಇದೆ, ಒಳಗೆ ಗಂಧಕ ಇರೋದು. ಅದು ಒಡೆದಾಗ ಥಯೋಲ್ ಅನ್ನೋ ಜಾತಿಯ ವಸ್ತುಗಳು ಹುಟ್ಟುತ್ತವೆ. ಥಯೋಲ್ ಎಷ್ಟು ಕಡಿಮೆ ಇದ್ದರೂ ನಮ್ಮ ಮೂಗು ಹಿಡಿದುಬಿಡುತ್ತೆ. ಬೀಜ ತೆಗೆಸದ ಗಂಡು ಬೆಕ್ಕಲ್ಲಿ ಫೆಲಿನೈನ್ ತುಂಬಾ ಜಾಸ್ತಿ. ಇವನಿಗೆ ಆಪರೇಷನ್ ಮಾಡಿಸಿದ್ದೀಯಲ್ಲ?"

"ಹೋದ ವರ್ಷವೇ ಆಯ್ತು."

"ಒಳ್ಳೇದು. ಹಾಗಾದ್ರೆ ಟ್ರೇ ಬಿಟ್ಟು ಹೋಗೋಕೆ ಬೇರೆ ಏನೋ ಕಾರಣ ಇದೆ. ಅಲ್ಲಿಗೆ ಆಮೇಲೆ ಬರ್ತೀನಿ, ಮರೀಬೇಡ. ಮೊದಲು ಎಲ್ಲೆಲ್ಲಿ ಮಾಡಿದೆ ಅಂತ ತೋರಿಸು."

ಅವಳು ಮೂರು ಜಾಗ ತೋರಿಸಿದಳು. ಚಿಕ್ಕಮ್ಮನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಮನೆಯೊಳಗೇ ಇರುವವರ ಮೂಗು ಮನೆಯ ವಾಸನೆಗೆ ಬೇಗ ಒಗ್ಗಿಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮೂಗು ಸುದ್ದಿ ಹೇಳುವುದನ್ನು ನಿಲ್ಲಿಸುತ್ತದೆ. ಅದಕ್ಕೆ ಅವರು ನೆಚ್ಚಿಕೊಂಡದ್ದು ನೋಟು ಪರೀಕ್ಷೆ ಮಾಡುವ ನೇರಳಾತೀತ ಟಾರ್ಚನ್ನು. ಅಂಗಡಿಗಳಲ್ಲಿ ಸಿಗುವ ಅಗ್ಗದ ಟಾರ್ಚುಗಳ ಬೆಳಕು ಹೆಚ್ಚಾಗಿ 395 ನ್ಯಾನೋಮೀಟರ್ ಸುಮಾರಿನದು, ಅದರಲ್ಲೂ ಕೆಲಸ ನಡೆಯುತ್ತದೆ. 365ರದ್ದಾದರೆ ಕಲೆ ಇನ್ನೂ ಸ್ಪಷ್ಟ. ರಾತ್ರಿ ದೀಪವೆಲ್ಲ ಆರಿಸಿ, ಪರದೆ ಎಳೆದು, ನೆಲಕ್ಕೆ ಹತ್ತಿರ ಹಿಡಿದು ನಿಧಾನವಾಗಿ ಸಾಗಿದರೆ ಒಣಗಿದ ಮೂತ್ರ ಮಂಕು ಹಳದಿ-ಹಸಿರಾಗಿ ಹೊಳೆಯುತ್ತದೆ.

"ಅಯ್ಯೋ, ಆ ಪರದೆ ಪೂರ್ತಿ ಹೊಳೀತಿದೆ!"

"ಅದು ಉಚ್ಚೆ ಅಲ್ಲ ಪುಟ್ಟಿ. ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪು ಕಾಣಿಸೋಕೆ ಹಾಕೋ ವಸ್ತು. ಅದು ನೀಲಿಯಾಗಿ ಹೊಳೆಯುತ್ತೆ. ಇದು ನೋಡು, ಗೋಡೆ ಬುಡದಲ್ಲಿ, ಅಂಚಿಗೆ ಸರಿದು ಒಣಗಿರೋದು. ಇದು ಅವನದ್ದೇ."

ಆ ರಾತ್ರಿ ಸಿಕ್ಕ ಕಲೆಗಳಲ್ಲಿ ಅರ್ಧಕ್ಕರ್ಧ ಅವಳಿಗೆ ಗೊತ್ತೇ ಇರಲಿಲ್ಲ. ಪ್ರತಿಯೊಂದರ ಸುತ್ತ ಚಿಕ್ಕಮ್ಮ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಮನೆ ತುಂಬ ಬಕೆಟ್ ಎತ್ತಿ ಒರೆಸುವುದಕ್ಕಿಂತ ಹೀಗೆ ಗೆರೆಯೊಳಗೆ ಕೆಲಸ ಮಾಡುವುದು ಹೆಚ್ಚು ಫಲ ಕೊಡುತ್ತದೆ. ವಾಸನೆ ಹೋಗದ ಮನೆಗಳಲ್ಲಿ ಹೆಚ್ಚಿನ ಸಲ ಸರಿಯಾದ ಔಷಧಿ ತಪ್ಪು ಜಾಗಕ್ಕೆ ಬಿದ್ದಿರುತ್ತದೆ.

ಬೆಳಿಗ್ಗೆ ಅವಳು ಬಚ್ಚಲಿನಿಂದ ಫಿನಾಯಿಲ್ ಬಾಟಲಿ ತಂದಾಗ ಚಿಕ್ಕಮ್ಮ ಅದನ್ನು ಕೈಯಿಂದ ತೆಗೆದುಕೊಂಡು ಕಿಟಕಿಯ ಹೊರಗೆ, ಬೆಕ್ಕಿಗೆ ಎಟುಕದ ಕಡೆ ಇಟ್ಟರು.

"ಇದನ್ನೇ ದಿನಾ ಹಾಕ್ತಿದ್ದೆಯಾ?"

"ಮತ್ತಿನ್ನೇನು ಹಾಕ್ತಾರೆ? ಅಮ್ಮನೂ ಇದನ್ನೇ ಹಾಕ್ತಿದ್ದದ್ದು."

"ಅಮ್ಮ ಹಾಕ್ತಿದ್ದದ್ದು ಮೋರಿಗೆ, ಕೊಟ್ಟಿಗೆಗೆ. ಕೇಳು. ಕಪ್ಪು ಫಿನಾಯಿಲ್‌ನಲ್ಲಿ ಟಾರಿನಿಂದ ಬಂದ ಫೀನಾಲ್ ಜಾತಿಯ ವಸ್ತುಗಳಿವೆ. ನಾನು, ನೀನು, ನಾಯಿ, ಎಲ್ಲರ ಯಕೃತ್ತೂ ಅಂಥ ವಿಷಕ್ಕೆ ಒಂದು ಸಕ್ಕರೆಯ ಅಂಶ ಅಂಟಿಸಿ ಮೂತ್ರದಲ್ಲಿ ಹೊರಗೆ ಹಾಕುತ್ತೆ. ಆ ಕೆಲಸಕ್ಕೆ ಬೇಕಾದ ಒಂದು ಮುಖ್ಯ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ. ಬೆಕ್ಕು ಒರೆಸಿದ ನೆಲದ ಮೇಲೆ ನಡೆಯುತ್ತೆ, ಆಮೇಲೆ ಕೂತು ಪಾದ ನೆಕ್ಕುತ್ತೆ. ಒಳಗೆ ಹೋದದ್ದು ಬೇಗ ಹೊರಗೆ ಬರಲ್ಲ."

"ಬಿಳೀದು?"

"ಅದರಲ್ಲಿ ಪೈನ್ ಎಣ್ಣೆ. ಬೆಕ್ಕಿಗೆ ಅದೂ ಬೇಡ. ಗಾಯ ತೊಳೆಯೋ ಕಂದು ದ್ರವದಲ್ಲಿರೋ ಕ್ಲೋರೋಕ್ಸಿಲಿನಾಲ್ ಕೂಡ ಫೀನಾಲೇ. ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ, ನುಸಿಗುಳಿಗೆ, ಯಾವುದನ್ನೂ ಇವನಿರೋ ಮನೆಯಲ್ಲಿ ಚೆಲ್ಲಬೇಡ. ಇನ್ನೊಂದು ಮಾತು, ಇದಕ್ಕೂ ಅದಕ್ಕೂ ಒಂದೇ ಕಾರಣ: ಜ್ವರ ಅಂತ ಪ್ಯಾರಾಸಿಟಮಾಲ್ ಚೂರು ಕೊಟ್ಟರೂ ಬೆಕ್ಕು ಸತ್ತುಹೋಗಬಹುದು."

ಈ ಮಾತು ಹೆಚ್ಚು ಮನೆಗಳಿಗೆ ಮುಟ್ಟಬೇಕು. ಫಿನಾಯಿಲ್ ನಮ್ಮ ಊರುಗಳಲ್ಲಿ ಶುಚಿಯ ಗುರುತಾಗಿ ಕೂತುಬಿಟ್ಟಿದೆ. ಆ ಘಾಟು ಬಂದರೆ ಮನೆ ಚೊಕ್ಕಟವಾಯಿತೆಂದು ಭಾವಿಸುತ್ತೇವೆ. ಆದರೆ ಅದು ಯೂರಿಯಾವನ್ನೂ ತೆಗೆಯುವುದಿಲ್ಲ, ಥಯೋಲನ್ನೂ ತೆಗೆಯುವುದಿಲ್ಲ. ಒಂದು ವಾಸನೆಯ ಮೇಲೆ ಇನ್ನೊಂದನ್ನು ಹಾಸುತ್ತದೆ. ಮೇಲಿನದು ಸಂಜೆಯೊಳಗೆ ಹಾರಿಹೋಗುತ್ತದೆ, ಕೆಳಗಿನದು ಅಲ್ಲೇ ಇರುತ್ತದೆ. ಊದುಬತ್ತಿ, ಸಾಂಬ್ರಾಣಿ, ರೂಮ್ ಫ್ರೆಶ್ನರ್‌ಗಳ ಕಥೆಯೂ ಇಷ್ಟೇ. ಬೆಕ್ಕಿನ ಮೂಗಿಗಂತೂ ತನ್ನ ಗುರುತು ಆ ಹಾಸಿನ ಕೆಳಗೂ ಸಿಗುತ್ತದೆ. ಸಿಕ್ಕಿದ ಮೇಲೆ ಅದು ಅಲ್ಲಿಗೇ ಮರಳುತ್ತದೆ.

"ಹಾಗಾದ್ರೆ ಬ್ಲೀಚಿಂಗ್ ಪೌಡರ್?"

"ಅದು ಇನ್ನೂ ಅಪಾಯ," ಎಂದರು ಚಿಕ್ಕಮ್ಮ. ಅವರ ದನಿ ಗಡುಸಾಯಿತು. "ಬ್ಲೀಚಿನಲ್ಲಿ ಹೈಪೋಕ್ಲೋರೈಟ್ ಇದೆ. ಅಮೋನಿಯಾ ಜೊತೆ ಸೇರಿದರೆ ಕ್ಲೋರಮೈನ್ ಅನಿಲ ಏಳುತ್ತೆ. ಕಣ್ಣು, ಗಂಟಲು, ಶ್ವಾಸಕೋಶ ಉರಿಯುತ್ತೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಟ್ರೇಗೆ ಬ್ಲೀಚ್ ಸುರಿದವರು ಕೆಮ್ಮಿ ಕೆಮ್ಮಿ ಹೊರಗೆ ಓಡಿ ಬರೋದು ಅದಕ್ಕೇ. ಕಕ್ಕಸು ತೊಳೆಯೋ ಆ್ಯಸಿಡ್ ಜೊತೆ ಬ್ಲೀಚ್ ಬೆರೆಸಿದರೆ ಕ್ಲೋರಿನ್ ಅನಿಲವೇ ಬರುತ್ತೆ. ಬಾಟಲಿಯಿಂದ ಬಾಟಲಿಗೆ ಏನನ್ನೂ ಬೆರೆಸಬೇಡ. ಇದು ನಾನು ಲ್ಯಾಬಿನಲ್ಲಿ ಪ್ರತಿ ವರ್ಷ ಹುಡುಗರಿಗೆ ಹೇಳ್ತಿದ್ದ ಮೊದಲ ಮಾತು."

ಅವಳು ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಒಂದೊಂದಾಗಿ ಮುಂದಿಟ್ಟಳು. ವಿನಿಗರ್ ಮತ್ತು ಅಡುಗೆ ಸೋಡಾ ಕಲಸಿ ಹಚ್ಚುವುದಂತೆ.

"ಎರಡನ್ನೂ ಸೇರಿಸಿದರೆ ನೊರೆ ಬರುತ್ತೆ. ಬಂದದ್ದು ಇಂಗಾಲದ ಡೈಆಕ್ಸೈಡ್. ಉಳಿದದ್ದು ಸೋಡಿಯಂ ಅಸಿಟೇಟ್ ಕಲಸಿದ ನೀರು. ಆಮ್ಲವೂ ಹೋಯ್ತು, ಕ್ಷಾರವೂ ಹೋಯ್ತು. ನೊರೆ ನೋಡೋಕೆ ಚೆನ್ನಾಗಿರುತ್ತೆ, ಕೆಲಸ ಏನೂ ಆಗಲ್ಲ."

"ವಿನಿಗರ್ ಒಂದೇ ಹಾಕಿದರೆ?"

"ಅಮೋನಿಯಾವನ್ನ ಕಟ್ಟಿಹಾಕುತ್ತೆ, ನಿಜ. ಅದು ಕ್ಷಾರ, ವಿನಿಗರ್ ಆಮ್ಲ. ಥಯೋಲ್‌ಗೆ ಏನೂ ಮಾಡಲ್ಲ. ಆದರೆ ಅದಕ್ಕಿಂತ ಮೊದಲು ನಿನ್ನ ಕಾಲ ಕೆಳಗೆ ಏನಿದೆ ನೋಡ್ಕೋ."

ಕಾಲ ಕೆಳಗಿದ್ದದ್ದು ಮೊಸಾಯಿಕ್: ಸಿಮೆಂಟಿನಲ್ಲಿ ಅಮೃತಶಿಲೆಯ ಚೂರು ಕಲಸಿ ಉಜ್ಜಿ ಹೊಳಪು ಕೊಟ್ಟ ನೆಲ. ಎರಡೂ ಆಮ್ಲಕ್ಕೆ ಕರಗುವ ಸುಣ್ಣದ ಬಳಗ. ವಿನಿಗರ್ ಬಿಟ್ಟ ಜಾಗದಲ್ಲಿ ಹೊಳಪು ಸತ್ತು ಮಂಕು ಮಚ್ಚೆ ನಿಲ್ಲುತ್ತದೆ, ಕಲ್ಲಿನ ರಂಧ್ರ ತೆರೆದುಕೊಳ್ಳುತ್ತದೆ, ಮುಂದಿನ ಸಲ ಮೂತ್ರ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಆಂಧ್ರದಿಂದ ಬರುವ ಕಡಪ ಕಲ್ಲು, ಎರಡೂ ಸುಣ್ಣಕಲ್ಲೇ. ಅಮೃತಶಿಲೆಯಂತೂ ಸರಿಯೇ ಸರಿ. ಮೈಸೂರು, ಮಲೆನಾಡಿನ ಹಳೆ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲ ಸಿಮೆಂಟಿನದು, ಅದಕ್ಕೂ ಆಮ್ಲ ಆಗದು. ಹಾಗಾಗಿ ನಿಂಬೆಹಣ್ಣು, ವಿನಿಗರ್, ಹುಣಸೆ ಎಂಬ ಮನೆಮದ್ದುಗಳು ಕರ್ನಾಟಕದ ಬಹಳಷ್ಟು ನೆಲಗಳಿಗೆ ಹೇಳಿದ್ದಲ್ಲ. ಹೊಸ ಫ್ಲ್ಯಾಟುಗಳ ವಿಟ್ರಿಫೈಡ್ ಟೈಲ್ ಆಮ್ಲಕ್ಕೆ ಅಂಜುವುದಿಲ್ಲ. ಅದು ನೀರು ಹೀರುವುದು ತನ್ನ ತೂಕದ 0.5%ಕ್ಕಿಂತ ಕಡಿಮೆ, ಮೂತ್ರ ಟೈಲಿನೊಳಗೆ ಇಳಿಯುವುದೇ ಇಲ್ಲ. ಇಳಿಯುವುದು ಟೈಲ್ ನಡುವಿನ ಸಿಮೆಂಟ್ ಸಂದಿಗೆ. ಅಂಥ ಮನೆಯಲ್ಲಿ ಹುಡುಕಬೇಕಾದ್ದು ಸಂದಿಯಲ್ಲೇ.

"ಮತ್ತೆ ನನ್ನ ನೆಲಕ್ಕೆ ಏನು?"

"ಹೈಡ್ರೋಜನ್ ಪೆರಾಕ್ಸೈಡ್."

ಇಲ್ಲಿ ಚಿಕ್ಕಮ್ಮ ಒಂದು ಕಥೆ ಹೇಳಿದರು, ನಿಜವಾಗಿ ನಡೆದದ್ದು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪಾಲ್ ಕ್ರೆಬೌಮ್ ಎಂಬ ರಸಾಯನತಜ್ಞ ತನ್ನ ಪ್ರಯೋಗಾಲಯದಲ್ಲಿ ಹೈಡ್ರೋಜನ್ ಸಲ್ಫೈಡಿನ ನಾತ ತೊಲಗಿಸಲು ಕ್ಷಾರ ಬೆರೆಸಿದ ಪೆರಾಕ್ಸೈಡ್ ಬಳಸುತ್ತಿದ್ದ. ಸಹೋದ್ಯೋಗಿಯೊಬ್ಬರ ಬೆಕ್ಕಿನ ಮೇಲೆ ಸ್ಕಂಕ್ ಎಂಬ ಪ್ರಾಣಿ ದುರ್ನಾತದ ದ್ರವ ಚಿಮ್ಮಿಸಿತ್ತು. ಆ ದ್ರವದ ನಾತವೂ ಥಯೋಲ್‌ಗಳದ್ದೇ. ಕ್ರೆಬೌಮ್ ತನ್ನ ಮಿಶ್ರಣವನ್ನು ಪ್ರಾಣಿಯ ಮೈಗೆ ತಾಳುವಷ್ಟು ಹಗುರ ಮಾಡಿ ಕೊಟ್ಟ. ನಾತ ಹೋಯಿತು. 1993ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆ ಅದನ್ನು ಪ್ರಕಟಿಸಿತು. ಆತ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಮಾಡಿಟ್ಟರೆ ಬಾಳದ ದ್ರವವನ್ನು ಬಾಟಲಿಯಲ್ಲಿ ಮಾರುವುದೂ ಸಾಧ್ಯವಿರಲಿಲ್ಲ. ಅಂದಿನಿಂದ ಅದು ಎಲ್ಲರ ಸ್ವತ್ತು.

"ಪೆರಾಕ್ಸೈಡ್ ಥಯೋಲ್‌ಗೆ ಆಮ್ಲಜನಕ ಕೊಟ್ಟು ವಾಸನೆಯಿಲ್ಲದ ವಸ್ತುವನ್ನಾಗಿ ಬದಲಾಯಿಸುತ್ತೆ. ಮುಚ್ಚಲ್ಲ, ಬದಲಾಯಿಸುತ್ತೆ. ನಮಗೆ ಬೇಕಿರೋದು ಅದು. ಬರ್ಕೋ. ಅವನ ಅಳತೆ 3%ದ ಪೆರಾಕ್ಸೈಡ್ ಸುಮಾರು ಒಂದು ಲೀಟರ್, ಅಡುಗೆ ಸೋಡಾ ಕಾಲು ಕಪ್, ಪಾತ್ರೆ ತೊಳೆಯೋ ದ್ರವ ಒಂದು ಚಮಚ. ನಮ್ಮ ಮೆಡಿಕಲ್ ಶಾಪಲ್ಲಿ ಸಾಮಾನ್ಯವಾಗಿ ಸಿಗೋದು 6%, ಮೇಲೆ 20 ವಾಲ್ಯೂಮ್ ಅಂತ ಬರೆದಿರುತ್ತೆ. ಅರ್ಧ ಲೀಟರಿಗೆ ಅರ್ಧ ಲೀಟರ್ ನೀರು ಸೇರಿಸಿದರೆ 3% ಆಯ್ತು. ಅಡುಗೆ ಸೋಡಾ ಕ್ಷಾರ, ಹಾಗಾಗಿ ಮೊಸಾಯಿಕ್ ತಿನ್ನಲ್ಲ."

"ಮಾಡಿ ಒಂದು ಬಾಟಲಿಯಲ್ಲಿ ಇಟ್ಕೊಳ್ಳಲಾ?"

"ಬೇಡವೇ ಬೇಡ. ಆಮ್ಲಜನಕ ಬಿಡ್ತಾ ಇರುತ್ತೆ, ಮುಚ್ಚಳ ಹಾಕಿದರೆ ಬಾಟಲಿ ಸಿಡಿಯುತ್ತೆ. ಬೇಕಾದಷ್ಟೇ ಕಲಸು, ಅಗಲ ಬಾಯಿಯ ಪಾತ್ರೆಯಲ್ಲಿ. ಕೈಗೆ ಗ್ಲೌಸ್ ಹಾಕ್ಕೋ. ಬೆಕ್ಕನ್ನ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕು. ಮೊದಲು ಕಾಣದ ಮೂಲೆಯಲ್ಲಿ ಸ್ವಲ್ಪ ಹಾಕಿ ಬಣ್ಣ ಬಿಡುತ್ತಾ ನೋಡು, ಪೆರಾಕ್ಸೈಡ್ ಬಣ್ಣ ತೆಗೆಯುತ್ತೆ. ಆಮೇಲೆ ಗೆರೆಯೊಳಗೆ ಸುರಿದು ಕಾಲು ಗಂಟೆಯಾದ್ರೂ ಬಿಡು. ಬರೀ ನೀರಲ್ಲಿ ಎರಡು ಸಲ ತೆಗೆದು ಫ್ಯಾನ್ ಹಾಕು. ಹಳೇ ಕಲೆಗೆ ಒಂದೇ ಸಲಕ್ಕೆ ಆಗಲ್ಲ, ಇನ್ನೊಮ್ಮೆ ಮಾಡಬೇಕು."

ಸೋಫಾಕ್ಕೂ ಇದನ್ನೇ ಹಾಕಲು ಹೊರಟವಳನ್ನು ಅವರು ತಡೆದರು. ಬಣ್ಣದ ಬಟ್ಟೆಗೆ, ಒಳಗಿನ ಫೋಮ್‌ಗೆ ಕಿಣ್ವದ ಕ್ಲೀನರ್ ಮೇಲು. ಈಗ ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಸಿಗುವ ಇಂಥ ದ್ರವಗಳಲ್ಲಿ ಪ್ರೋಟೀನ್ ಒಡೆಯುವ ಕಿಣ್ವಗಳಿರುತ್ತವೆ, ಇಲ್ಲವೇ ಆ ಕಿಣ್ವಗಳನ್ನು ತಾವೇ ತಯಾರಿಸುವ ನಿರುಪದ್ರವಿ ಬ್ಯಾಸಿಲಸ್ ಬ್ಯಾಕ್ಟೀರಿಯಾಗಳಿರುತ್ತವೆ.

"ಇದರ ಮೇಲೆ 'ಯೂರಿಕ್ ಆಮ್ಲದ ಹರಳು ಕರಗಿಸುತ್ತೆ' ಅಂತ ಬರೆದಿದೆ. ವಾಸನೆಗೆಲ್ಲ ಆ ಹರಳೇ ಕಾರಣವಂತೆ."

"ಎಲ್ಲ ಕಡೆ ಹಾಗೇ ಬರೀತಾರೆ. ಪೂರ್ತಿ ನಿಜ ಅಲ್ಲ. ನಿಮ್ಮ ಚಿಕ್ಕಪ್ಪನಿಗೆ ಹೆಬ್ಬೆರಳು ಊದಿ ನಡೆಯೋಕೆ ಆಗದ ಹಾಗಾಗಿತ್ತಲ್ಲ, ಗೌಟ್, ಅದು ಯೂರಿಕ್ ಆಮ್ಲದ ಹರಳಿಂದ. ಯೂರಿಕೇಸ್ ಅನ್ನೋ ಕಿಣ್ವ ಮನುಷ್ಯರಲ್ಲಿ ಕೆಲಸ ಮಾಡಲ್ಲ, ಅದಕ್ಕೆ ನಮಗೆ ಆ ಕಾಟ. ನಾಯಿ ಬೆಕ್ಕುಗಳಲ್ಲಿ ಅದು ಇದೆ. ಯೂರಿಕ್ ಆಮ್ಲದ ಬಹುಪಾಲನ್ನ ನೀರಲ್ಲಿ ಸುಲಭವಾಗಿ ಕರಗೋ ಅಲಾಂಟಾಯಿನ್ ಮಾಡಿ ಹೊರಗೆ ಹಾಕ್ತವೆ. ನಾಯಿಗಳಲ್ಲಿ ಡಾಲ್ಮೇಷಿಯನ್ ಬೇರೆ. ಜೀನಿನ ದೋಷದಿಂದ ಅದರ ಮೂತ್ರದಲ್ಲಿ ಯೂರಿಕ್ ಆಮ್ಲ ಜಾಸ್ತಿ, ಅದಕ್ಕೆ ಕಲ್ಲೂ ಆಗುತ್ತೆ. ನಿನ್ನ ಸೋಫಾದಲ್ಲಿ ಇರೋದು ಮುಖ್ಯವಾಗಿ ಯೂರಿಯಾ, ಪ್ರೋಟೀನು, ಥಯೋಲ್."

"ಹಾಗಾದ್ರೆ ಇದು ದುಡ್ಡು ದಂಡ?"

"ಅಲ್ಲ. ಕೆಲಸ ಮಾಡುತ್ತೆ, ಆದ್ರೆ ಜನ ಅದಕ್ಕೆ ಕೆಲಸ ಮಾಡೋಕೆ ಬಿಡಲ್ಲ."

ಏನಾಗುತ್ತದೆಂದರೆ, ಕಿಣ್ವವೂ ಪ್ರೋಟೀನ್. 1926ರಲ್ಲಿ ಜೇಮ್ಸ್ ಸಮ್ನರ್ ಎಂಬ ಅಮೆರಿಕದ ವಿಜ್ಞಾನಿ ಜಾಕ್ ಬೀನ್ ಎಂಬ ಅವರೆ ಜಾತಿಯ ಕಾಳಿನಿಂದ ಮೊದಲ ಬಾರಿಗೆ ಒಂದು ಕಿಣ್ವವನ್ನು ಹರಳಾಗಿ ಬೇರ್ಪಡಿಸಿ ಅದು ಪ್ರೋಟೀನೇ ಎಂದು ತೋರಿಸಿದ. ಆ ಕಿಣ್ವ ಈ ಮನೆಯ ನೆಲದಲ್ಲಿ ಅಮೋನಿಯಾ ಹುಟ್ಟಿಸುತ್ತಿರುವ ಯೂರಿಯೇಸೇ. ಅವನಿಗೆ 1946ರ ರಸಾಯನ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಪ್ರೋಟೀನಾದ್ದರಿಂದ ಕುದಿನೀರು, ಬ್ಲೀಚ್, ಪೆರಾಕ್ಸೈಡ್, ಯಾವುದು ತಗುಲಿದರೂ ಕಿಣ್ವ ಕೆಡುತ್ತದೆ. ಹಿಂದಿನ ದಿನ ಫಿನಾಯಿಲ್ ಕುಡಿದ ಸೋಫಾದ ಮೇಲೆ ಇದನ್ನು ಹಾಕಿದರೆ ದ್ರವ ಒಳಗೇ ಸತ್ತುಹೋಗುತ್ತದೆ. ಮೊದಲು ಬರೀ ತಣ್ಣೀರಿನಿಂದ ಹಳೆಯದನ್ನು ತೆಗೆದು, ಹಳೇ ಪಂಚೆಯನ್ನು ಮಡಿಸಿ ಒತ್ತಿ ಒತ್ತಿ ನೀರು ಹೀರಿಸಬೇಕು. ಉಜ್ಜಿದರೆ ಒಳಕ್ಕೆ ತಳ್ಳಿದಂತೆ. ಆಮೇಲೆ ಮೂತ್ರ ಎಷ್ಟು ಆಳಕ್ಕೆ ಹೋಗಿದೆಯೋ ಅಷ್ಟು ಆಳಕ್ಕೆ ಹೋಗುವಷ್ಟು ದ್ರವ ಸುರಿಯಬೇಕು. ಮೇಲೆ ನಾಲ್ಕು ಸಲ ಚಿಮುಕಿಸಿ ಒರೆಸಿದರೆ ಏನೂ ಆಗದು. ತೇವ ಇರುವಷ್ಟು ಹೊತ್ತು ಮಾತ್ರ ಕಿಣ್ವಕ್ಕೆ ಜೀವ, ಆದ್ದರಿಂದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಗಂಟೆಗಟ್ಟಲೆ ಬಿಟ್ಟು ನಂತರ ಗಾಳಿಗೆ ಒಣಗಿಸಬೇಕು. ಮೊದಲೆರಡು ದಿನ ವಾಸನೆ ಹೆಚ್ಚಾದಂತೆ ಕಾಣುವುದುಂಟು. ಬಹಳ ಮಂದಿ ಅಲ್ಲಿಗೆ ಕೈಬಿಟ್ಟು ಮತ್ತೆ ಫಿನಾಯಿಲ್ ಎತ್ತಿಕೊಳ್ಳುತ್ತಾರೆ.

ಹಬೆಯ ಯಂತ್ರ ತಂದು ಸೋಫಾ ತೊಳೆದುಕೊಡುತ್ತೇವೆ ಎನ್ನುವವರಿದ್ದಾರೆ. ಮೂತ್ರದ ಕಲೆಗೆ ಬಿಸಿ ಬೇಡ. ಪ್ರೋಟೀನ್ ಬೆಂದು ನೂಲಿಗೆ ಅಂಟಿಕೊಳ್ಳುತ್ತದೆ. ಹೊದಿಕೆಗಳನ್ನು ವಾಷಿಂಗ್ ಮೆಷಿನ್‌ಗೆ ಹಾಕುವಾಗಲೂ ತಣ್ಣೀರೇ. ಬೂರುಗದ ಹತ್ತಿ ಹಾಸಿಗೆಯ ತಿರುಳಿಗೆ ಇಳಿದಿದ್ದರೆ ತೊಳೆಯುವ ಪ್ರಯತ್ನ ಬಿಡಬೇಕು. ಬಿಚ್ಚಿಸಿ, ಕೆಟ್ಟ ಹತ್ತಿ ತೆಗೆಸಿ, ಉಳಿದದ್ದನ್ನು ಬಿಸಿಲಿಗೆ ಹಾಕಿ ಹೊಸದಾಗಿ ತುಂಬಿಸಬಹುದು. ಬಾಗಿಲ ಬಳಿಯ ಗೋಣಿತಟ್ಟನ್ನು ಚಿಕ್ಕಮ್ಮ ಎತ್ತಿ ಕಸಕ್ಕೆ ಹಾಕಿದರು. ಅದರ ಬಗ್ಗೆ ಚರ್ಚೆಗೆ ಅವರು ಅವಕಾಶವನ್ನೇ ಕೊಡಲಿಲ್ಲ.

"ಇಷ್ಟೆಲ್ಲ ಮಾಡಿದ ಮೇಲೂ ಅವನು ನಾಳೆ ಮತ್ತೆ ಅಲ್ಲೇ ಮಾಡಿದರೆ?"

"ಈಗ ಸರಿಯಾದ ಪ್ರಶ್ನೆಗೆ ಬಂದೆ. ಹೇಳು, ಒಂದೇ ಕಡೆ ತುಂಬಾ ಮಾಡ್ತಾನಾ, ಅಥವಾ ಅಲ್ಲಿಲ್ಲಿ ಚೂರು ಚೂರಾ? ಕೂತು ಮಾಡ್ತಾನಾ, ಅಥವಾ ನಿಂತು ಬಾಲ ನಡುಗಿಸುತ್ತಾ ಗೋಡೆಗೆ ಚಿಮ್ಮಿಸ್ತಾನಾ?"

"ಕೂತೇ ಮಾಡ್ತಾನೆ. ಚೂರು ಚೂರು. ಒಮ್ಮೊಮ್ಮೆ ಕೂತಿರ್ತಾನೆ, ಏನೂ ಬಂದಿರಲ್ಲ. ಕೂಗ್ತಾನೆ."

ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ನಿನ್ನೇನೇ ಹೇಳಬೇಕಿತ್ತು. ಸಂಜೆಗೆ ಡಾಕ್ಟರ ಹತ್ತಿರ ಹೋಗೋಣ, ನಾಳೆ ಬೇಡ," ಎಂದರು.

ಗಂಡು ಬೆಕ್ಕಿನ ಮೂತ್ರನಾಳ ಸಣ್ಣದು. ಹರಳೋ ಲೋಳೆಯೋ ಅಡ್ಡ ಸಿಕ್ಕಿ ಕಟ್ಟಿದರೆ ದೇಹದಲ್ಲಿ ಪೊಟ್ಯಾಸಿಯಂ ಏರುತ್ತದೆ, ಒಂದೆರಡು ದಿನದಲ್ಲಿ ಹೃದಯವೇ ನಿಲ್ಲಬಹುದು. ಮತ್ತೆ ಮತ್ತೆ ಕೂತು ತಿಣುಕುವುದು, ಹನಿಯೂ ಬಾರದಿರುವುದು, ಕೂಗುವುದು, ಊಟ ಬಿಡುವುದು ಕಂಡರೆ ರಾತ್ರಿಯಾದರೂ ಕಾಯಬಾರದು. ಇವನಿಗೆ ಚೂರಾದರೂ ಬರುತ್ತಿತ್ತು, ಹಾಲು-ಮೀನು ಎಂದಿನಂತೆ ಮುಗಿಸುತ್ತಿದ್ದ. ಅದೊಂದೇ ಸಂಜೆಯವರೆಗಿನ ಧೈರ್ಯ.

"ಸೋಂಕು ಇರಬಹುದಾ? ಪಕ್ಕದ ಮನೆಯವರು ಯಾವುದೋ ಆಂಟಿಬಯಾಟಿಕ್ ಹೆಸರು ಹೇಳಿದ್ರು."

"ಎಳೆ ವಯಸ್ಸಿನ ಬೆಕ್ಕಲ್ಲಿ ಸೋಂಕು ಅಪರೂಪ. ಹತ್ತು ವರ್ಷದೊಳಗಿನ ಬೆಕ್ಕುಗಳಿಗೆ ಹೀಗಾದಾಗ ಅರ್ಧಕ್ಕೂ ಹೆಚ್ಚು ಸಲ ಮೂತ್ರಕೋಶ ಉರಿಗೊಂಡಿರುತ್ತೆ, ಆದ್ರೆ ಕ್ರಿಮಿ ಸಿಗಲ್ಲ. ಮನಸ್ಸಿಗೆ ಬಿದ್ದ ಒತ್ತಡಕ್ಕೂ ಅದಕ್ಕೂ ನಂಟಿದೆ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಅನ್ನೋ ಪಶುವೈದ್ಯರು ವರ್ಷಗಟ್ಟಲೆ ಇದರ ಮೇಲೆ ಕೆಲಸ ಮಾಡಿದ್ರು. ಮನೆಯಲ್ಲಿ ಬೆಕ್ಕಿಗೆ ಅಡಗೋ ಜಾಗ, ಎತ್ತರದ ಜಾಗ, ಆಟ, ಹೊತ್ತಿಗೆ ಸರಿಯಾಗಿ ಊಟ ಇದ್ದರೆ ಈ ಕಾಟ ಕಡಿಮೆಯಾಗುತ್ತೆ ಅಂತ ತೋರಿಸಿದ್ರು. ಬೇಸಿಗೆಯಲ್ಲಿ ಈ ಮನೆಯಲ್ಲಿ ಏನಾಯ್ತು?"

ಅವಳು ಯೋಚಿಸಿದಳು. ಪಕ್ಕದ ಸೈಟಿನಲ್ಲಿ ಹಳೆ ಮನೆ ಕೆಡವಲು ಶುರುವಾದದ್ದು ಬೇಸಿಗೆಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ಕಾಂಕ್ರೀಟ್ ಒಡೆಯುವ ಸದ್ದು. ಮರಳಿನ ಟ್ರೇ ಇರುವುದು ಅದೇ ಗೋಡೆಗೆ ಅಂಟಿದ ಬಚ್ಚಲಲ್ಲಿ, ವಾಷಿಂಗ್ ಮೆಷಿನ್ ಪಕ್ಕ. ಸಾಲದ್ದಕ್ಕೆ ಕೆಡವಿದ ಮನೆಯಲ್ಲಿದ್ದ ಬೀದಿ ಬೆಕ್ಕೊಂದು ಈಗ ಇವರ ಕಿಟಕಿಯ ಕಟ್ಟೆಗೆ ಬಂದು ಕೂರುತ್ತದೆ.

"ನೋಡು, ಅವನು ಹಟಕ್ಕೆ ಮಾಡ್ತಿಲ್ಲ," ಎಂದರು ಚಿಕ್ಕಮ್ಮ. "ಟ್ರೇ ಹತ್ತಿರ ಹೋದರೆ ಸದ್ದು, ಕೂತರೆ ಉರಿ. ಆ ನೋವಿಗೆ ಟ್ರೇನೇ ಕಾರಣ ಅಂತ ಅವನು ಅಂದ್ಕೊಂಡಿದ್ದಾನೆ. ಒಂದು ಬೆಕ್ಕಿದ್ದರೆ ಎರಡು ಟ್ರೇ ಇಡು, ಬೇರೆ ಬೇರೆ ಕೋಣೆಯಲ್ಲಿ, ಸದ್ದಿಲ್ಲದ ಕಡೆ. ಪರಿಮಳ ಹಾಕಿದ ಲಿಟರ್ ಬೇಡ. ದಿನಾ ಗಟ್ಟಿಯಾದದ್ದು ತೆಗಿ. ಟ್ರೇ ತೊಳೆಯೋಕೆ ಬರೀ ಸೋಪು ನೀರು ಸಾಕು. ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸು, ಹೊರಗಿನದ್ದು ಕಾಣದಿರಲಿ. ನೀರು ಜಾಸ್ತಿ ಕುಡಿಯೋ ಹಾಗೆ ಮಾಡು, ಊಟಕ್ಕೆ ನೀರು ಬೆರೆಸು. ಮೂತ್ರ ತೆಳುವಾದಷ್ಟೂ ಉರಿ ಕಡಿಮೆ, ವಾಸನೆನೂ ಕಡಿಮೆ."

ಚಿಮ್ಮಿಸುವ ಬೆಕ್ಕುಗಳ ಲೆಕ್ಕ ಬೇರೆ. ಅದು ಗಡಿ ಗುರುತು, ಬೀಜ ತೆಗೆಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಗಂಡು ಬೆಕ್ಕುಗಳಲ್ಲಿ ನಿಲ್ಲುತ್ತದೆ ಅಥವಾ ತೀರ ಇಳಿಯುತ್ತದೆ. ನಾಯಿಗಳಲ್ಲೂ ಕಾರಣ ಒಂದೇ ಅಲ್ಲ. ಚಿಕ್ಕಮ್ಮನ ಮನೆಯ ಮುದಿ ಹೆಣ್ಣು ನಾಯಿ ಮಲಗಿದಲ್ಲೇ ಹಾಸಿಗೆ ಒದ್ದೆ ಮಾಡತೊಡಗಿದಾಗ ಮನೆಗೆ ಬಂದವರೆಲ್ಲ ಬಯ್ದಿದ್ದರು. ಆಪರೇಷನ್ ಆದ ಹೆಣ್ಣು ನಾಯಿಗಳಲ್ಲಿ ಕೆಲವಕ್ಕೆ ಮೂತ್ರನಾಳದ ಬಿಗಿ ಸಡಿಲವಾಗುತ್ತದೆ, ನಿದ್ದೆಯಲ್ಲಿ ಸೋರುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಮಾತ್ರೆಯಿದೆ. ಕೊಟ್ಟ ಮೇಲೆ ಸೋರುವುದು ನಿಂತಿತು. ಇದ್ದಕ್ಕಿದ್ದಂತೆ ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುವ ನಾಯಿಗೆ ಸಕ್ಕರೆ ಕಾಯಿಲೆಯಿರಬಹುದು, ಮೂತ್ರಪಿಂಡದ ತೊಂದರೆಯಿರಬಹುದು. ಮೂತ್ರದಲ್ಲಿ ಮೂಗು ಉಜ್ಜಿ ಹೊಡೆಯುವ ಹಳೆಯ ಪಾಠ ಇವುಗಳಲ್ಲಿ ಯಾವುದನ್ನೂ ಗುಣಪಡಿಸುವುದಿಲ್ಲ. ನಾಯಿ ಕಲಿಯುವುದು ಒಂದೇ: ಇವರ ಕಣ್ಣಿಗೆ ಬೀಳದ ಹಾಗೆ, ಮಂಚದ ಅಡಿ ಮಾಡಬೇಕು.

"ಅತ್ತಿಗೆ ಬಸುರಿ. ಈ ಉಚ್ಚೆಯಿಂದ ಟಾಕ್ಸೋಪ್ಲಾಸ್ಮಾ ಬರುತ್ತೆ ಅಂತ ಇಲ್ಲಿಗೆ ಬರೋಕೇ ಹೆದರ್ತಾಳೆ."

"ಅದು ಬರೋದು ಬೆಕ್ಕಿನ ಮಲದಿಂದ, ಮೂತ್ರದಿಂದಲ್ಲ. ಅವಳು ಟ್ರೇ ತೆಗೆಯೋದು ಬೇಡ, ಅಷ್ಟು ಸಾಕು. ಮೂತ್ರದಿಂದ ಹೆದರಬೇಕಾದ್ದು ಇಲಿಜ್ವರಕ್ಕೆ, ಲೆಪ್ಟೋಸ್ಪೈರೋಸಿಸ್. ಅದು ಇಲಿ, ನಾಯಿ, ದನದ ಮೂತ್ರದಲ್ಲಿ ಹರಡುತ್ತೆ, ಕರಾವಳಿ ಮಲೆನಾಡಲ್ಲಿ ಮಳೆಗಾಲದಲ್ಲಿ ಜಾಸ್ತಿ. ನಾಯಿ ಇರೋರು ಅದಕ್ಕೆ ಲಸಿಕೆ ಹಾಕಿಸಬೇಕು, ತೊಳೆಯುವಾಗ ಗ್ಲೌಸ್ ಬಿಡಬಾರದು."

ಮಧ್ಯಾಹ್ನ ಗೋಡೆ ಬುಡದ ಕಲೆಗಳ ಸರದಿ. ಸ್ಕರ್ಟಿಂಗ್‌ನ ಹಿಂದೆ ಇಳಿದದ್ದಕ್ಕೆ ಪೆರಾಕ್ಸೈಡ್ ಎಟುಕಲಿಲ್ಲ. ಅಲ್ಲಿ ಸಿರಿಂಜಿನಿಂದ ಸಂದಿಯೊಳಗೆ ಬಿಡಬೇಕಾಯಿತು. ಗಾರೆಯೇ ಹೀರಿಕೊಂಡಿರುವ ಜಾಗಕ್ಕೆ ಕೊನೆಯ ಉಪಾಯ ಮೇಸ್ತ್ರಿ: ಪೂರ್ತಿ ಒಣಗಿದ ಮೇಲೆ ಹಳೆ ಸಂದಿ ಕೆರೆದು ಎಪಾಕ್ಸಿ ತುಂಬಿಸುವುದು, ಗೋಡೆಗೆ ವಾಸನೆ ತಡೆಯುವ ಪ್ರೈಮರ್ ಬಳಿದು ಬಣ್ಣ ಹೊಡೆಸುವುದು. ತೇವ ಇರುವಾಗ ಮುಚ್ಚಿದರೆ ಒಳಗೇ ಕೊಳೆಯುತ್ತದೆ, ಆದ್ದರಿಂದ ಆ ಕೆಲಸ ಮಳೆ ನಿಂತ ಮೇಲೆ. ಮಾಲೀಕರಿಗೆ ಇದನ್ನೆಲ್ಲ ಈಗಲೇ ತಿಳಿಸುವುದು ಒಳ್ಳೆಯದೆಂದು ಚಿಕ್ಕಮ್ಮ ಹೇಳಿದರು. ಖರ್ಚು ಯಾರದ್ದೆಂದು ಮೊದಲೇ ಮಾತಾಡಿಕೊಂಡರೆ ಅಡ್ವಾನ್ಸ್ ಹಣದ ಜಗಳ ಉಳಿಯುತ್ತದೆ.

"ಡಾಕ್ಟರು ಮೂತ್ರದ ಮಾದರಿ ಕೇಳ್ತಾರಾ?"

"ಕೇಳಬಹುದು, ತಗೊಂಡೇ ಹೋಗೋಣ. ಟ್ರೇ ಖಾಲಿ ಮಾಡಿ ಸೋಪು ಹೋಗೋ ಹಾಗೆ ತೊಳೆದು ಒಣಗಿಸು. ಮೀನಿನ ತೊಟ್ಟಿಗೆ ಹಾಕೋ ಪ್ಲಾಸ್ಟಿಕ್ ಮಣಿ ಇದ್ದರೆ ತೊಳೆದು ಒಂದು ಹಿಡಿ ಹಾಕು, ನೀರು ಹೀರದ್ದು ಏನಾದ್ರೂ ಆಗುತ್ತೆ. ಟ್ರೇನ ಈ ಕಡೆ ಕೋಣೆಯಲ್ಲಿಡು, ಆ ಸದ್ದಿಂದ ದೂರ. ಅವನು ಮಾಡಿದ ಮೇಲೆ ಸಿರಿಂಜಲ್ಲಿ ಎಳ್ಕೊಂಡು ಸಣ್ಣ ಬಾಟಲಿಗೆ ಹಾಕಿ, ಹೊತ್ತು ಬರೆದು ಫ್ರಿಜ್ಜಲ್ಲಿಡು. ಹೊಸದಾದಷ್ಟೂ ಒಳ್ಳೇದು, ಇಟ್ಟರೆ ಹರಳುಗಳು ತಾನಾಗೇ ಕಟ್ಟಿಕೊಂಡು ಪರೀಕ್ಷೆ ದಾರಿ ತಪ್ಪಿಸುತ್ತೆ."

"ಸಿಗದೇ ಹೋದ್ರೆ?"

"ಸಿಗದಿದ್ದರೂ ಹೋಗೋದೇ. ಸಿಗದೇ ಇದ್ದರೆ ಇನ್ನೂ ಬೇಗ ಹೋಗಬೇಕು. ಆಟೋದವನಿಗೆ ಫೋನ್ ಮಾಡು, ನಾನು ಅವನ ಬುಟ್ಟಿ ತೆಗೀತೀನಿ."